ಮೀರ್ ಒಪ್ಪಿದರೆ ಮದುವೆ

ಸರೋವರದ ದಡದ ವಾನ್ ಊರಿನ ಫೆಸಿಹ್ ಬೆಳಗಿನ ತಿಂಡಿಯ ಅಂಗಡಿ ಇಟ್ಟಿದ್ದ. ಸೊಪ್ಪು ಬೆರೆಸಿದ ಅವನ ಚೀಸಿಗೆ ಒಳ್ಳೆಯ ಹೆಸರಿತ್ತು, ಆದರೆ ಅವನ ಜಂಬವೆಲ್ಲ ತನ್ನ ಬೆಕ್ಕಿನ ಬಗ್ಗೆ. ಹೆಸರು ಮೀರ್, ಅಂದರೆ ದೊರೆ. ದೊಡ್ಡ ಮೈ, ಹಿಮದಷ್ಟು ಬಿಳಿಯ ಉದ್ದ ಕೂದಲು, ನರಿಯಂಥ ಬಾಲ, ಎರಡೂ ಕಣ್ಣು ನೀಲಿ, ಸರೋವರ ಕಂಡರೆ ಈಜುವ ಶೋಕಿ ಬೇರೆ. ಮಹಾಪ್ರಳಯದಲ್ಲಿ ತೇಲಿದ ನೂಹನ ಹಡಗು ಬೆಟ್ಟಕ್ಕೆ ತಾಗಿದ್ದೇ ತಡ, ಇದರ ಮುತ್ತಜ್ಜ ನೀರಿಗೆ ಹಾರಿ ವಾನ್‌ವರೆಗೆ ಈಜಿಕೊಂಡು ಬಂದನಂತೆ. ಹಡಗಿನಲ್ಲಿ ತಾನೇ ಟಿಕೆಟು ಹರಿದವನ ಹಾಗೆ ಫೆಸಿಹ್ ಇದನ್ನು ಗಿರಾಕಿಗಳಿಗೆ ಹೇಳುತ್ತಿದ್ದ. ಅವನ ಸ್ವಂತ ಮುತ್ತಜ್ಜನ ಹೆಸರು ಕೇಳಿದರೆ ಮಾತ್ರ ಒಲೆಯ ಮೇಲಿನ ಚಹಾ ನೆನಪಾಗುತ್ತಿತ್ತು.

ಮಗಳು ಬೆರೀವಾನಳಿಗೆ ವರನನ್ನು ಆರಿಸುವ ಕೆಲಸವನ್ನೂ ಈ ಮಹಾರಾಯ ಬೆಕ್ಕಿಗೇ ವಹಿಸಿದ್ದ. ಬಂದ ಹುಡುಗ ಕರೆಯಬೇಕು, ಮೀರ್ ಎದ್ದು ಅವನ ಹತ್ತಿರ ಹೋಗಬೇಕು. ಮೇಷ್ಟರೊಬ್ಬರು ಕರೆದರು, ಔಷಧಿ ಅಂಗಡಿಯವನು ಗಂಟಲು ಹರಿಯುವಂತೆ ಕರೆದ. ದೊರೆ ಪಂಜ ನೆಕ್ಕುತ್ತ ಕೂತ.

"ಮನುಷ್ಯರನ್ನ ಅಳೆಯೋದು ಇವನ ರಕ್ತದಲ್ಲೇ ಇದೆ ಕಣ್ರೀ" ಎಂದು ಫೆಸಿಹ್ ಮೀಸೆ ತಿರುವಿದ. ತಾನು ಕರೆದಾಗ ಬೆಕ್ಕು ಓಡಿಬರುವುದನ್ನು ತೋರಿಸಿ, ಬಂದವರನ್ನು ಬಾಗಿಲವರೆಗೆ ಕಳಿಸಿಕೊಟ್ಟ.

ಅವರು ಹೋದದ್ದಕ್ಕೆ ಬೆರೀವಾನ್ ಅಳಲಿಲ್ಲ. ಆದರೆ ಈ ಸಲ ಬರುವವನು ಮಿನಿಬಸ್ ಓಡಿಸುವ ಸೆರ್ಹದ್. ಅವಳ ಜೀವವೆಲ್ಲ ಅವನ ಮೇಲಿತ್ತು, ಹಾಗಾಗಿ ಹೆದರಿಕೆಯೂ ಇತ್ತು. ಒಮ್ಮೆ ಕಲ್ಲಿನ ಅಂಗಳದಲ್ಲಿ ಮೀರ್‌ನ ಬೆನ್ನ ಹಿಂದೆಯೇ ತಟ್ಟೆಗಳ ರಾಶಿ ಬಿದ್ದಿತ್ತು. ದೊರೆ ತಲೆ ಕೂಡ ತಿರುಗಿಸಿರಲಿಲ್ಲ. ಬೆಕ್ಕು ಹುಟ್ಟುಕಿವುಡು! ಕರೆಯುವಾಗ ಅಪ್ಪ ಹಲಗೆಯ ನೆಲಕ್ಕೆ ಹಿಮ್ಮಡಿ ಕುಟ್ಟುತ್ತಾನೆ, ಆ ಅದುರಿಗೆ ಅದು ಓಡಿಬರುತ್ತದೆ. ಪಾಪ, ಅಪ್ಪನಿಗೆ ಕುಟ್ಟುವುದು ಬರೀ ಅಭ್ಯಾಸ, ಕಿವುಡಿನ ವಿಷಯ ಗೊತ್ತಿಲ್ಲ ಎಂದುಕೊಂಡಿದ್ದಳು. ಗುಟ್ಟನ್ನು ಸೆರ್ಹದ್‌ಗೆ ಹೇಳಿಕೊಟ್ಟಳು.

ಹೆಣ್ಣು ಕೇಳಲು ಬಂದ ದಿನ ಸೆರ್ಹದ್, ವರನ ತಾಳ್ಮೆ ನೋಡಲು ಪದ್ಧತಿಯಂತೆ ಹುಡುಗಿ ಉಪ್ಪು ಹಾಕಿ ಕೊಟ್ಟ ಕಾಫಿಯನ್ನು ಮುಖ ಕಿವುಚದೆ ಕುಡಿದ. ಅವನ ದೊಡ್ಡಪ್ಪ, "ದೇವರ ಅಪ್ಪಣೆಯಂತೆ, ಪ್ರವಾದಿಗಳ ಮಾತಿನಂತೆ, ನಿಮ್ಮ ಹುಡುಗೀನ ನಮ್ಮ ಹುಡುಗನಿಗೆ ಕೇಳ್ತಿದ್ದೀವಿ" ಅಂದ.

"ನಂದೇನಿದೆ? ಮೀರ್‌ನ ಕೇಳಿ" ಅಂದ ಫೆಸಿಹ್.

ಸೆರ್ಹದ್ ಕರೆದ, ಹಿಮ್ಮಡಿ ಕುಟ್ಟಿದ. ಬೆಕ್ಕು ಎದ್ದು ಬಂದು ಅವನ ತೊಡೆಯೇರಿತು.

ಫೆಸಿಹ್‌ನ ಮುಖ ಇಳಿದುಹೋಯಿತು. ಹುಡುಗನ ಕಾಲನ್ನೇ ನೋಡುತ್ತ, "ಕೊಟ್ಟೆ" ಅಂದ. ಆಮೇಲೆ ಮಗಳಿದ್ದ ಅಡುಗೆಮನೆಗೆ ಬಂದ.

"ಹಿಮ್ಮಡಿ ವಿಷಯ ನೀನೇ ಹೇಳಿಕೊಟ್ಟಿದ್ದು ತಾನೆ?"

ಬೆರೀವಾನ್ ಬೆಚ್ಚಿದಳು. "ಅಪ್ಪಾ, ಅದು ಕಿವುಡು ಅಂತ ನಿಮಗೆ ಗೊತ್ತಿತ್ತಾ?"

"ಮರಿಯಾಗಿದ್ದಾಗಿಂದ."

"ಮತ್ತೆ ಬಂದವರಿಗೆಲ್ಲ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಮೊದಲು ಬಂದವನೇ ನಿನ್ನ ಕರ್ಕೊಂಡು ಹೋಗ್ತಿದ್ನಲ್ಲೇ" ಅಂದ ಫೆಸಿಹ್.