ಮಾಳಿಗೆಯ ಹನ್ನೊಂದು ಅಂಗುಲ ಮತ್ತು ಓವರ್‌ಸಿಯರ್ ಗುರುಬಸಪ್ಪನವರು

ನಮ್ಮ ಬೆಂಗಳೂರಿನಲ್ಲಿ ಮನೆ ಕಟ್ಟಿಸಿದವರ ಹೆಸರನ್ನು ಹೆಬ್ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿಸುವ ರೂಢಿಯುಂಟು. ಆ ಮನೆ ಬೀಳದಂತೆ ಹಗಲಿರುಳು ಕಾಯ್ದವರ ಹೆಸರಿಗೆ ಒಂದು ಇಟ್ಟಿಗೆಯಷ್ಟು ಜಾಗವನ್ನೂ ಯಾರೂ ಬಿಡುವುದಿಲ್ಲ. ಕಟ್ಟುವ ವಿದ್ಯೆಯನ್ನು ಬಲ್ಲವರು ಬಹುಮಂದಿ ಇದ್ದಾರೆ, ಜಯನಗರದ ಬ್ಲಾಕುಗಳಲ್ಲಿ ದಿನ ಬೆಳಗಾದರೆ ಅವರ ಕೈಚಳಕವನ್ನು ಕಾಣುತ್ತೇವೆ. ಆದರೆ ಕಟ್ಟಿದ್ದನ್ನು ಉಳಿಸುವ ವಿದ್ಯೆಯನ್ನೇ ಜೀವಮಾನದ ವ್ರತವಾಗಿ ಹಿಡಿದವರನ್ನು ನಾನು ಕಂಡದ್ದು ಒಬ್ಬರನ್ನೇ, ಅವರು ಶ್ರೀ ಗುರುಬಸಪ್ಪನವರು. ಮರಿಲಿಂಗಪ್ಪ ಧರ್ಮದತ್ತಿಗೆ ಸೇರಿದ ಒಂಬತ್ತು ವಠಾರಗಳ ಓವರ್‌ಸಿಯರ್ ಆಗಿ ಮೂವತ್ತೊಂದು ವರ್ಷ ಸೇವೆ ಸಲ್ಲಿಸಿ, ಈ ೧೯೬೮ರ ಜೂನ್ ತಿಂಗಳಲ್ಲಿ ಅವರು ನಿವೃತ್ತರಾಗುತ್ತಿದ್ದಾರೆ. ಅವರಿಗೆ ಅರ್ಪಿಸುತ್ತಿರುವ ಈ ಅಭಿನಂದನಾ ಸಂಪುಟಕ್ಕೆ ಶುಭಾಶಯದ ನಾಲ್ಕು ಸಾಲು ಬರೆದುಕೊಡಿರೆಂದು ದತ್ತಿಯ ಆಡಳಿತ ಸಮಿತಿಯನ್ನು ಮೂರು ಸಲ ಬೇಡಿಕೊಂಡೆವು, ಬರೆಯಲಿಲ್ಲ. ಬೀಳ್ಕೊಡುಗೆಯ ಸಭೆಗೆ ದತ್ತಿಯ ಸಭಾಂಗಣ ಕೇಳಿದೆವು, ಕೊಡಲಿಲ್ಲ. ಬೇಡ ಬಿಡಿ! ಸಭೆ ಸಿದ್ದಾಪುರದ ವಠಾರದ ಅಂಗಳದಲ್ಲಿ ನಡೆಯುತ್ತದೆ. ಅಲ್ಲೇ ಏಕೆ ನಡೆಯಬೇಕು ಎಂಬುದನ್ನು ಹೇಳುವುದಕ್ಕೇ ನಾನು ಈ ಲೇಖನವನ್ನು ಬರೆಯುತ್ತಿದ್ದೇನೆ.

ನಾನು ೧೯೫೪ರಲ್ಲಿ ಈ ದತ್ತಿಯ ಕಚೇರಿಗೆ ಟ್ರೇಸರ್ ಆಗಿ ಸೇರಿದೆ. ಹಳೆಯ ನಕ್ಷೆಯ ಮೇಲೆ ತೆಳುವಾದ ಮೇಣದ ಬಟ್ಟೆಯನ್ನು ಹಾಸಿ, ಕೆಳಗೆ ಕಾಣುವ ಗೆರೆಯ ಮೇಲೆಯೇ ಗೆರೆ ಎಳೆದು ನಕಲು ತೆಗೆಯುವುದು ಟ್ರೇಸರ್ ಕೆಲಸ. ಕಚೇರಿಯಲ್ಲಿ ಹೆಂಗಸೆಂದರೆ ನಾನೊಬ್ಬಳೇ. ನನ್ನನ್ನು ಬೀರುವಿನ ಹಿಂದಿನ ಕತ್ತಲ ಮೂಲೆಯಲ್ಲಿ ಕೂರಿಸಿದ್ದರು. ಮೂರನೆಯ ದಿನ ಬಂದು ನೋಡಿದರೆ ಗುರುಬಸಪ್ಪನವರು ಉತ್ತರದ ಕಿಟಕಿಯ ಬಳಿಯಿದ್ದ ತಮ್ಮ ಮೇಜನ್ನು ಆ ಮೂಲೆಗೆ ಎಳೆದುಕೊಂಡು, ನನ್ನ ಮೇಜನ್ನು ಬೆಳಕಿಗೆ ತಂದಿಟ್ಟಿದ್ದರು. "ನನ್ ಕೆಲಸ ಬಿಸಿಲಲ್ಲೇ ಇರುತ್ತೆ ಕಾತ್ಯಾಯಿನಮ್ಮ, ಬೆಳಕು ನಿಮಗಿರ್ಲಿ" ಎಂದರು, ಅಷ್ಟೇ. ನನ್ನ ತಾಯಿ ಸೀತಮ್ಮನವರು ಮನೆಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡ ವರ್ಷ, ನಾನು ರಜೆ ಮುಗಿಸಿ ಬರುವುದರೊಳಗೆ ಆ ಮೆಟ್ಟಿಲಿಗೆ ಮರದ ಹಿಡಿಗಂಬಿ ಬಂದು ಕೂತಿತ್ತು. ಮಾಡಿಸಿದವರು ಯಾರೆಂದು ಬೇರೆ ಹೇಳಬೇಕೇ? ನಮ್ಮ ತಾಯಿ ಇಂದಿಗೂ ಅದನ್ನೇ ಹಿಡಿದು ಇಳಿಯುತ್ತಾರೆ.

ಹಣೆಯಲ್ಲಿ ವಿಭೂತಿ, ಸೈಕಲ್ಲಿನ ಹ್ಯಾಂಡಲಿಗೆ ತೂಗುವ ಬಟ್ಟೆಯ ಚೀಲ, ಚೀಲದಲ್ಲಿ ಒಂದು ಮುರಿದ ಕೊಡೆಯ ಕಡ್ಡಿ. ಅವರ ಸಲಕರಣೆಯೆಲ್ಲ ಇಷ್ಟೇ. ವಿಲ್ಸನ್ ಗಾರ್ಡನ್ನಿನಿಂದ ಯಡಿಯೂರಿನವರೆಗೆ ಹರಡಿದ್ದ ವಠಾರಗಳನ್ನು ತಿಂಗಳಿಗೊಮ್ಮೆ ಸುತ್ತಿ, ಮಾಳಿಗೆಯನ್ನು, ಎಂದರೆ ಗಾರೆಯ ಚಾವಣಿಯನ್ನು, ಹೊತ್ತು ಗೋಡೆಯೊಳಗೆ ಹೊಕ್ಕಿದ್ದ ಜಂತೆಯ ತುದಿಗೆ ಆ ಕಡ್ಡಿಯನ್ನು ಚುಚ್ಚಿ ನೋಡುವರು. ಗಟ್ಟಿ ಮರವಾದರೆ ಕಡ್ಡಿ ಬಾಗುತ್ತದೆ. ಗೆದ್ದಲು ತಿಂದಿದ್ದರೆ ಮುದ್ದೆಯೊಳಕ್ಕೆ ಬೆರಳು ಹೋದಂತೆ ಹೋಗುತ್ತದೆ. ಬಾಗಿಲುಗಳನ್ನೂ ಒಂದೊಂದಾಗಿ ಹಾಕಿ ತೆಗೆದು ನೋಡುವರು. "ಬೇಸಿಗೇಲೂ ಬಾಗಿಲು ಬಿಗಿ ಆಗ್ತಿದೆ ಅಂದ್ರೆ ಮರ ಉಬ್ಬಿಲ್ಲ, ಮಾಳಿಗೆ ಇಳೀತಿದೆ ಅಂತ ತಿಳ್ಕೊಳ್ಳಿ" ಎಂಬುದು ನನಗೆ ಅವರು ಕಲಿಸಿದ ಮೊದಲ ಪಾಠ.

ಆದರೆ ನಮ್ಮ ಕಚೇರಿಗೆ ಬೇರೆಯೇ ಒಂದು ಶಾಸ್ತ್ರವಿತ್ತು. ಹಬ್ಬ ಬಂತೇ, ಸುಣ್ಣ ಹೊಡೆಸು. ಬಿರುಕು ಸುಣ್ಣದಡಿ ಮುಚ್ಚಿಹೋಗಲಿ. ಮಾಳಿಗೆ ಸೋರಿತೇ, ಮೇಲೊಂದು ಪದರ ಗಾರೆ ಎಳೆಸು. ಹಳೆಯ ಗಾರೆಯನ್ನು ಕಿತ್ತು ಹಾಕುವುದು ಖರ್ಚಿನ ಬಾಬತ್ತು, ಮೇಲೆ ಎಳೆಯುವುದು ಅಗ್ಗದ ಬಾಬತ್ತು. ಮೇಲೆ ತಳುಕು ಒಳಗೆ ಹುಳುಕು ಎಂದು ಹಿರಿಯರು ಸುಮ್ಮನೆ ಹೇಳಿದರೇ? ಗೆದ್ದಲು ಕೆಳಗಿನಿಂದ ಜಂತೆಯನ್ನು ತಿನ್ನುತ್ತಿತ್ತು, ನಾವು ಮೇಲಿನಿಂದ ಭಾರ ಹೇರುತ್ತಿದ್ದೆವು. ಇನ್ನು ನಕ್ಷೆಯ ವಿಷಯ. ಮೂರು ವರ್ಷಕ್ಕೊಮ್ಮೆ ಸಮಿತಿಗೆ ಪ್ರತಿ ವಠಾರದ ಹಾಲಿ ಸ್ಥಿತಿಯ ನಕ್ಷೆಯನ್ನು ಒಪ್ಪಿಸಬೇಕು. ಒಪ್ಪಿಸುತ್ತಿದ್ದೆವು. ಹೇಗೆಂದರೆ, ಹಳೆಯ ನಕ್ಷೆಯನ್ನು ನಾನು ನಕಲು ತೆಗೆಯುವುದು, ಹೊಸ ತಾರೀಕು ಬರೆಯುವುದು, ಕೆಳಗೆ 'ಪರಿಶೀಲಿಸಿದೆ' ಎಂಬ ಜಾಗದಲ್ಲಿ ಓವರ್‌ಸಿಯರ್ ಸಹಿ ಹಾಕುವುದು. ಗುರುಬಸಪ್ಪನವರೂ ಹಾಕುತ್ತಿದ್ದರು. ಅವರನ್ನು ಹೊಗಳಲು ಕೂತು ಇದನ್ನು ಬಚ್ಚಿಟ್ಟರೆ ಅವರೇ ನನ್ನನ್ನು ಕ್ಷಮಿಸರು.

ಸಿದ್ದಾಪುರದ ವಠಾರ ೧೯೦೯ರಲ್ಲಿ ಕಟ್ಟಿದ್ದು. ಅಂಗಳದ ಸುತ್ತ ಹದಿನಾಲ್ಕು ಮನೆ. ೧೯೬೧ರ ಆಗಸ್ಟಿನಲ್ಲಿ ಅಲ್ಲಿ ಅವರ ಕೊಡೆಯ ಕಡ್ಡಿ ಆರು ಜಂತೆಗಳೊಳಕ್ಕೆ ಸಲೀಸಾಗಿ ಇಳಿಯಿತು. ಜನರನ್ನು ತೆರವು ಮಾಡಿಸಿ ಮಾಳಿಗೆಯನ್ನು ಪೂರ್ತಿ ಬಿಚ್ಚಬೇಕೆಂದು ಅಂದೇ ವರದಿ ಬರೆದರು. ದತ್ತಿಯ ಕಾರ್ಯದರ್ಶಿ ಬದರಿನಾಥರು ಆ ವರದಿಯನ್ನು ಓದಿ, ನನ್ನ ಕೈಬರಹದ ನಕ್ಷೆಯನ್ನು ಮೇಜಿನ ಮೇಲೆ ಹರಡಿದರು. "ಗಾರೆ ನಾಲ್ಕೇ ಅಂಗುಲ ಅಂತ ಇದೆಯಲ್ರೀ ಇದರಲ್ಲಿ. ಅಷ್ಟಕ್ಕೆ ಮಾಳಿಗೆ ಬೀಳುತ್ತಾ? ಗೌರಿ ಹಬ್ಬಕ್ಕೆ ಸುಣ್ಣ ಹೊಡೆಸಿ, ಸಾಕು" ಎಂದರು.

ಗುರುಬಸಪ್ಪನವರು ಆ ನಕ್ಷೆಯನ್ನು, ಅದರ ಕೆಳಗಿದ್ದ ತಮ್ಮ ಸಹಿಯನ್ನು ನೋಡಿದರು. ಹೊರಗೆ ಬಂದು, "ಕಾತ್ಯಾಯಿನಮ್ಮ, ಸ್ಕೇಲು ತಗೊಳ್ಳಿ. ನಿಮ್ ಗೆರೆ, ನನ್ ಸಹಿ, ಎರಡನ್ನೂ ಒಂದ್ಸಲ ಮೇಲೆ ಹತ್ತಿ ನೋಡ್ಬಿಡೋಣ" ಎಂದರು. ಏಳು ವರ್ಷ ಆ ವಠಾರದ ನಕ್ಷೆ ಬರೆದಿದ್ದ ನಾನು ಅದರ ಮಾಳಿಗೆಯನ್ನು ಕಂಡದ್ದು ಅದೇ ಮೊದಲು. ಸೆರಗು ಬಿಗಿದು ಏಣಿ ಹತ್ತಿದೆ. ಕೆಳಗೆ ಹೆಂಗಸರೆಲ್ಲ ಬಾಯಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಗಾರೆ ಮೇಸ್ತ್ರಿ ಬೋರಣ್ಣ ಉಳಿಯಿಂದ ಮೊಳದಗಲ ಕೆತ್ತಿದ. ನಾನು ಸ್ಕೇಲು ಇಳಿಸಿದೆ. ಮೂಲದ ನಾಲ್ಕು ಅಂಗುಲದ ಮೇಲೆ ಇನ್ನೂ ನಾಲ್ಕು ಪದರ. ಒಟ್ಟು ಹನ್ನೊಂದು ಅಂಗುಲ. ಅಯ್ಯೋ ಶಿವನೇ ಎಂದುಕೊಂಡೆ. ಅದರಲ್ಲಿ ಮೂರು ಪದರ ಬೋರಣ್ಣನ ಕೈಯವೇ. ಅವನು ಉಳಿಯನ್ನು ಕೆಳಗಿಟ್ಟು, "ಸೋರ್ತದೆ ಅಂದ್ರು, ಎಳ್ದೆ ಸೋಮಿ. ಹಳೇದು ಕೀಳು ಅಂತ ಒಬ್ರೂ ಅನ್ಲಿಲ್ಲ. ಈಗ ಆಕ್ದೋನೇ ತೆಗೀತೀನಿ ಬುಡಿ" ಎಂದ. ನಾನು ಪ್ರತಿ ಪದರದ ಅಳತೆಯನ್ನೂ ಪುಸ್ತಕದಲ್ಲಿ ಬರೆದುಕೊಂಡು ತಾರೀಕು ಹಾಕಿದೆ: ೧೧-೮-೧೯೬೧.

ಬದರಿನಾಥರು ಆ ಅಳತೆಯನ್ನು ನೋಡಲೂ ಒಪ್ಪಲಿಲ್ಲ. ವರದಿಯನ್ನು ವಾಪಸು ತಗೊಳ್ಳಿ ಎಂದು ಲಿಖಿತ ಆಜ್ಞೆ ಕಳಿಸಿದರು. ತೆಗೆದುಕೊಳ್ಳುವುದಿಲ್ಲ ಎಂದು ಗುರುಬಸಪ್ಪನವರು ಅದೇ ಕಾಗದದ ಬೆನ್ನಿಗೆ ಬರೆದು ಹಿಂದಕ್ಕೆ ಕಳಿಸಿದರು. ಅದಕ್ಕಿಂತ ಕಷ್ಟವಾದದ್ದು ವಠಾರದವರನ್ನು ಒಪ್ಪಿಸುವುದು. ಪೂರ್ವದ ಸಾಲಿನ ನಡುವಿನ ಮನೆಯ ಮುನಿಲಕ್ಷ್ಮಮ್ಮ ಸೊಂಟಕ್ಕೆ ಕೈಯಿಟ್ಟು ನಿಂತು, "ಮಾಳಿಗೆ ಬೀಳ್ತದೆ ಅಂತ ಎಬ್ಬಿಸ್ತೀರಾ, ರಿಪೇರಿ ಅಂತ ಬೀಗ ಹಾಕ್ತೀರಾ, ಆಮೇಲೆ ಜಾಸ್ತಿ ಬಾಡಿಗೆಯೋರ್ಗೆ ಕೊಡ್ತೀರಾ. ಈ ಆಟ ನಾವು ಕಂಡಿಲ್ವಾ? ಸತ್ರೆ ಇಲ್ಲೇ ಸಾಯ್ತೀವಿ, ಹೋಗಿ ಸಾರ್!" ಎಂದರು. ಆಕೆ ಹೇಳಿದ್ದರಲ್ಲಿ ತಪ್ಪೇನಿತ್ತು? ಊರಲ್ಲಿ ನಡೆಯುತ್ತಿದ್ದದ್ದೇ ಅದು.

ಮರುದಿನ ಗುರುಬಸಪ್ಪನವರು ನನ್ನಿಂದ ಹದಿನಾಲ್ಕು ಪತ್ರಗಳನ್ನು ದುಂಡಾಗಿ ಬರೆಸಿದರು. ದುರಸ್ತಿಯಾದ ಮೇಲೆ ಇದೇ ಮನೆ, ಇದೇ ಬಾಡಿಗೆಗೆ, ಇದೇ ಸಂಸಾರಕ್ಕೆ ಸೇರತಕ್ಕದ್ದು ಎಂದು. ಕೆಳಗೆ ತಮ್ಮ ಸಹಿ ಹಾಕಿ, ದತ್ತಿಯ ಮೊಹರನ್ನು ಒತ್ತಿದರು. ಆ ಮೊಹರು ಒತ್ತುವ ಅಧಿಕಾರ ಅವರಿಗೆ ಕೂದಲೆಳೆಯಷ್ಟೂ ಇರಲಿಲ್ಲ. ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮುನಿಲಕ್ಷ್ಮಮ್ಮ ಪತ್ರವನ್ನು ಮೂರು ಜನರ ಕೈಲಿ ಓದಿಸಿ, ಮಡಿಸಿ ಕುಂಕುಮದ ಭರಣಿಯಡಿ ಇಟ್ಟುಕೊಂಡು, ಮೊದಲು ಸಾಮಾನು ಕಟ್ಟಿದರು. ಆಕೆ ಎದ್ದ ಮೇಲೆ ಉಳಿದವರೂ ಎದ್ದರು. ಯಡಿಯೂರಿನಲ್ಲಿದ್ದ ದತ್ತಿಯ ಖಾಲಿ ಗೋದಾಮಿನ ಬೀಗದ ಕೈ ಓವರ್‌ಸಿಯರ್ ಬಳಿಯೇ ಇತ್ತು. ಹದಿನಾಲ್ಕು ಸಂಸಾರ ಅಲ್ಲಿಗೆ ಹೋಯಿತು.

ಸೆಪ್ಟೆಂಬರ್ ನಾಲ್ಕರಂದು ಬೋರಣ್ಣ ಮಂಜೂರಾತಿಗೆ ಕಾಯದೆ ತನ್ನ ಆಳುಗಳೊಂದಿಗೆ ಬಂದು, ಪಶ್ಚಿಮದ ಮೂಲೆಯಿಂದ ಗಾರೆ ಕೀಳಲು ಹಿಡಿದ. ಮೂರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ, ಆಳುಗಳು ಅಂಗಳದಲ್ಲಿ ಕೂತು ಅಂಬಲಿ ಕುಡಿಯುತ್ತಿದ್ದಾಗ, ಯಾರೂ ಇನ್ನೂ ಮುಟ್ಟದೇ ಇದ್ದ ಪೂರ್ವದ ಸಾಲಿನ ಮಾಳಿಗೆ ತಾನಾಗಿ ಕುಸಿಯಿತು. ಐದು ಮನೆಗಳ ಮೇಲೆ ಒಂದೇ ಸಲ. ಧೂಳು ಇಳಿದ ಮೇಲೆ ನೋಡಿದರೆ ಮುನಿಲಕ್ಷ್ಮಮ್ಮನ ಒರಳು ಕಲ್ಲು ಎರಡು ಹೋಳಾಗಿತ್ತು. ಹತ್ತು ಗಂಟೆಯೆಂದರೆ ಆಕೆ ದಿನವೂ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ರುಬ್ಬುವ ಹೊತ್ತು. ಸುದ್ದಿ ಕೇಳಿ ಯಡಿಯೂರಿನಿಂದ ಓಡಿಬಂದ ಆಕೆ ಆ ಕಲ್ಲನ್ನು ನೋಡಿದರು, ಗುರುಬಸಪ್ಪನವರನ್ನು ನೋಡಿದರು, ಅವರ ಕಾಲು ಮುಟ್ಟಲು ಬಗ್ಗಿದರು. "ಏಳಮ್ಮ, ಏಳು. ಮೊದಲೇ ನೋಡ್ಬೇಕಾಗಿತ್ತು ನಾನು" ಎಂದು ಅವರು ಹಿಂದೆ ಸರಿದರು.

ಇಷ್ಟಾದ ಮೇಲೆ ದತ್ತಿಯವರು ಅವರಿಗೆ ಶಾಲು ಹೊದಿಸಿರಬೇಕೆಂದು ಓದುಗರು ಎಣಿಸಬಹುದು. ಎಲ್ಲಿಯ ಶಾಲು! ಅಳೆದು ನೋಡಲು ಒಂದು ತುಂಡೂ ಉಳಿಯದಂತೆ ಗಾರೆಯ ರಾಶಿಯನ್ನೆಲ್ಲ ಅದೇ ವಾರ ಹೊಸ ಬಡಾವಣೆಯ ಹಳ್ಳಗಳಿಗೆ ಸುರಿಸಿ, ಬದರಿನಾಥರು ವಿಚಾರಣೆ ಕೂರಿಸಿದರು. ಮಾಳಿಗೆ ಭದ್ರವಾಗಿತ್ತು, ಓವರ್‌ಸಿಯರ್ ಅಪ್ಪಣೆಯಿಲ್ಲದೆ ಒಂದು ಮೂಲೆ ಕೀಳಿಸಿದ್ದರಿಂದ ಇನ್ನೊಂದು ಮೂಲೆ ಬಿತ್ತು ಎಂಬುದು ಅವರ ವಾದ. ಅದಕ್ಕೆ ಸಾಕ್ಷಿ ನನ್ನ ನಕ್ಷೆ. ನನ್ನನ್ನು ಕರೆಸಿ, "ನಾಲ್ಕಂಗುಲ ಅಂತ ಬರೆದದ್ದು ನೀವೇ ತಾನೇ?" ಎಂದು ಕೇಳಿದರು.

"ಹೌದು" ಎಂದೆ.

ಅಷ್ಟೇ ಅಂದೆ. ನನ್ನ ಚೀಲದಲ್ಲಿ ಅಳತೆಯ ಪುಸ್ತಕವಿತ್ತು. ತೆಗೆಯಲಿಲ್ಲ. ಹಿಂದಿನ ಸಂಜೆ ಗುರುಬಸಪ್ಪನವರೇ, "ಪುಸ್ತಕ ಹೊರಗೆ ತೆಗೀಬೇಡಿ ಕಾತ್ಯಾಯಿನಮ್ಮ. ಮನೇಲಿ ದುಡಿಯೋರು ನೀವೊಬ್ರೇ. ನಾನು ಹೆಂಗೋ ನಿಭಾಯಿಸ್ತೀನಿ" ಎಂದಿದ್ದರು. ಅವರು ಹೇಳಿದರು ಸರಿ, ಆ ಮಾತನ್ನು ನಾನೇಕೆ ಕೇಳಿದೆ? ಹೆದರಿದೆ, ಅದಕ್ಕೆ. ಬೇರೆ ಕಾರಣ ಹುಡುಕುವುದಿಲ್ಲ. ಸಮಿತಿಯ ಮುಂದೆ ಅವರು ಹೇಳಿದ್ದು ಇಷ್ಟು: "ಟ್ರೇಸರ್‌ದು ತಪ್ಪಿಲ್ಲ. ಹತ್ತಿ ನೋಡದೆ ಪರಿಶೀಲಿಸಿದೆ ಅಂತ ಸಹಿ ಹಾಕಿದ್ದು ನನ್ನ ತಪ್ಪು. ಮಾಳಿಗೆ ಬಿಚ್ಚಿಸಿದ್ದು ನನ್ನ ತಪ್ಪಲ್ಲ. ಇವತ್ತೂ ಬಿಚ್ಚಿಸ್ತೀನಿ." ಸಹಿಯ ತಪ್ಪನ್ನು ಒಪ್ಪಿಕೊಂಡ ಮಾತನ್ನು ಸಮಿತಿ ಬರೆದುಕೊಂಡಿತು, ಉಳಿದದ್ದನ್ನು ಬಿಟ್ಟಿತು. ಅವರ ಕಡತದಲ್ಲಿ ಕರ್ತವ್ಯಲೋಪವೆಂದು ಷರಾ ಬರೆದು, ಯಾವ ನಕ್ಷೆಗೂ ಸಹಿ ಹಾಕುವ ಅಧಿಕಾರ ಇವರಿಗಿಲ್ಲವೆಂದು ಆಜ್ಞೆ ಮಾಡಿತು. ದತ್ತಿಯ ಮೊಹರಿದ್ದ ಹದಿನಾಲ್ಕು ಪತ್ರಗಳನ್ನು ಮಾತ್ರ ಅಲ್ಲಗಳೆಯಲು ಸಮಿತಿಯವರಿಗೆ ಮುಖವಿರಲಿಲ್ಲ. ಮಾಳಿಗೆ ಹೊಸದಾಯಿತು, ಹದಿನಾಲ್ಕೂ ಸಂಸಾರ ವಾಪಸು ಬಂತು.

ಈ ಆರೂ ಮುಕ್ಕಾಲು ವರ್ಷ ಅವರು ಸಹಿಯಿಲ್ಲದ ಓವರ್‌ಸಿಯರ್ ಆಗಿ ದುಡಿದರು. ಕಡ್ಡಿ ಚುಚ್ಚುವುದನ್ನು ಬಿಡಲಿಲ್ಲ, ಏಣಿ ಹತ್ತುವುದನ್ನು ಬಿಡಲಿಲ್ಲ. ಉಳಿದ ಎಂಟು ವಠಾರಗಳಲ್ಲಿ ಐದರ ಮಾಳಿಗೆಯನ್ನು ಹಟ ಹಿಡಿದು ಬಿಚ್ಚಿಸಿದರು; ಸಹಿ ಬೇರೆಯವರದು, ಬೆವರು ಇವರದು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ಜನರ ನಡುವೆ, ಮೊದಲೇ ಬಾಗಿಲ ಬಳಿ ನಿಂತಿದ್ದವರು ಇವರೊಬ್ಬರು. ಇವರ ಮೇಲೆ ಕರ್ತವ್ಯಲೋಪದ ಷರಾ! ಆ ಷರಾವನ್ನು ತಿದ್ದದೆ ಕಡತ ಇವರೊಂದಿಗೆ ನಿವೃತ್ತಿಯಾಗಬಾರದು.

ಆದ್ದರಿಂದ ಈ ಲೇಖನದ ಎದುರು ಪುಟದಲ್ಲಿ ಒಂದು ನಕ್ಷೆಯನ್ನು ಅಚ್ಚು ಹಾಕಿಸಿದ್ದೇನೆ. ಸಿದ್ದಾಪುರದ ವಠಾರದ ಮಾಳಿಗೆ, ೧೧-೮-೧೯೬೧ರಂದು ಇದ್ದಂತೆ. ಐದು ಪದರ, ಹನ್ನೊಂದು ಅಂಗುಲ. ನಕಲಲ್ಲ, ಏಣಿ ಹತ್ತಿ ಅಳೆದು ಬರೆದದ್ದು. ಬರೆದವಳ ಜಾಗದಲ್ಲಿ ನನ್ನ ಸಹಿ ಇದೆ. ನಾನಿನ್ನೂ ದತ್ತಿಯ ನೌಕರಳು. ಸಮಿತಿಯವರು ಓದಲಿ, ಏನು ಮಾಡುತ್ತಾರೋ ಮಾಡಲಿ. ಏಳು ವರ್ಷದ ಹಿಂದೆ ಹೇಳಬೇಕಾದ್ದನ್ನು ಈಗ ಹೇಳಿದ್ದೇನೆ.

ಪೂಜ್ಯ ಗುರುಬಸಪ್ಪನವರೇ, ನಿಮ್ಮ ಮೊಣಕಾಲುಗಳು ಏಣಿಯ ಮೇಲೆ ನಡುಗದಿರಲಿ, ನಿಮ್ಮ ಕೊಡೆಯ ಕಡ್ಡಿ ತುಕ್ಕು ಹಿಡಿಯದಿರಲಿ, ಈ ಊರಿನ ಹಳೆಯ ಮನೆಗಳು ಇನ್ನೂ ನಲವತ್ತು ವರ್ಷ ನಿಮ್ಮ ಕೈ ಸೋಕಿ ನಿಲ್ಲಲಿ. ಮುನಿಲಕ್ಷ್ಮಮ್ಮನವರು ಹೊಸ ಒರಳಿನಲ್ಲಿ ಹೋಳಿಗೆಗೆ ರುಬ್ಬುತ್ತೇನೆಂದು ಹೇಳಿಕಳಿಸಿದ್ದಾರೆ. ಸಭೆಯ ದಿನ ಆ ನಕ್ಷೆಯ ಮೂಲಪ್ರತಿಯನ್ನು ಅಂಗಳದಲ್ಲಿ ನಿಮ್ಮ ಮುಂದೆ ಹರಡುತ್ತೇನೆ. ಕೆಳಗೆ 'ಪರಿಶೀಲಿಸಿದೆ' ಎಂಬ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಅಧಿಕಾರ ಇಲ್ಲ ಎನ್ನಬೇಡಿ, ಹದಿನಾಲ್ಕು ಮನೆಯವರು ಸುತ್ತ ನಿಂತಿರುತ್ತಾರೆ. ಬಂದು ಸಹಿ ಹಾಕಿ.