ಆಯುಧಪೂಜೆಗೆ ಹಾಕಿಸಿದ ಹಿಮದ ಟೈರು

ಟೆಕ್ಸಸ್‌ನಲ್ಲಿ ಕೂತು ಹಿಮದ ಟೈರು ಹುಡುಕಿದ ಸಂಸಾರ ನಮ್ಮದು. ಡಾಲಸ್ ದಾಟಿ ಉತ್ತರಕ್ಕೆ ಬಂದರೆ ಪ್ರಾಸ್ಪರ್. ಅಲ್ಲಿ ನಮ್ಮ ಮನೆ. ಆಗಸ್ಟ್ ತಿಂಗಳಲ್ಲಿ ಇಲ್ಲಿ ಕಾರಿನ ಸ್ಟಿಯರಿಂಗ್ ಮುಟ್ಟುವುದಕ್ಕೆ ಬಟ್ಟೆ ಬೇಕು. ಅಂಥ ಆಗಸ್ಟ್‌ನಲ್ಲಿ ನನ್ನ ಯಜಮಾನರು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು, ಹಿಮದ ಮೇಲೆ ಬ್ರೇಕ್ ಹಾಕಿದರೆ ಯಾವ ಟೈರು ಎಷ್ಟು ದೂರ ಜಾರುತ್ತದೆ ಎಂಬ ವಿಡಿಯೋಗಳನ್ನು ನೋಡಲು ಶುರು ಮಾಡಿದರು. ನಾನು ಹುಳಿ ಬಡಿಸಿದೆ. ಅವರು ತಟ್ಟೆಯ ಕಡೆ ನೋಡಲಿಲ್ಲ. ಹುಳಿ ಆರಿತು, ನನ್ನ ತಲೆ ಕಾಯಿತು.

ಕಾರಣ ಇಲ್ಲದೆ ಇರಲಿಲ್ಲ. ನಮ್ಮ ಒಬ್ಬಳೇ ಮಗಳು ಬಸುರಿ. ಅವಳೂ ಅಳಿಯನೂ ಇರುವುದು ಕೊಲರಾಡೊದ ಬೆಟ್ಟದ ಊರೊಂದರಲ್ಲಿ. ಅಳಿಯ ಡಾಕ್ಟರ್, ಘಟ್ಟದಾಚೆಯ ಸಣ್ಣ ಆಸ್ಪತ್ರೆಯಲ್ಲಿ ಕೆಲಸ. ಹೆರಿಗೆ ಜನವರಿ ಮೂರನೆಯ ವಾರ ಎಂದಿದ್ದರು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಆದರೆ ಅವಳ ಕೆಲಸ, ಇನ್ಶೂರೆನ್ಸ್, ನೋಡುವ ಡಾಕ್ಟರು ಎಲ್ಲ ಅಲ್ಲೇ. ಮಗಳು ತವರಿಗೆ ಬರಲಾಗದಿದ್ದರೆ ತವರೇ ಎದ್ದು ಮಗಳ ಹತ್ತಿರ ಹೋಗಬೇಕು. ಅವಳು ಹುಟ್ಟಿದಾಗ ನನ್ನ ಅಮ್ಮನಿಗೆ ವೀಸಾ ಸಿಕ್ಕಿರಲಿಲ್ಲ. ಹ್ಯೂಸ್ಟನ್ನಿನ ಆಸ್ಪತ್ರೆಯಲ್ಲಿ ಗೋಡೆ ನೋಡಿಕೊಂಡು ಹೆತ್ತವಳು ನಾನು. ಹಾಗಾಗಿ ನನಗೆ ಬೇಕಿದ್ದದ್ದು ಒಂದೇ. ನೋವು ಶುರುವಾದಾಗ ನಾನು ಅವಳ ಪಕ್ಕದಲ್ಲಿರಬೇಕು.

“ಅಮ್ಮಾ, ಜಸ್ಟ್ ಫ್ಲೈ,” ಎಂದಳು ಮಗಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಮ್ಮವರು ಒಪ್ಪಲಿಲ್ಲ. ಮೂರು ತಿಂಗಳು ಬೆಟ್ಟದಲ್ಲಿ ಕಾರಿಲ್ಲದೆ ಇರುವುದು ಹೇಗೆ ಎಂದರು. ನಾನೂ ಅವರ ಕಡೆಗೇ ಸೇರಿಕೊಂಡೆ. ಬಾಣಂತನದ ಸಾಮಾನು ಒಂದೇ ಎರಡೇ? ಅಂಟಿನುಂಡೆ, ಒಣಶುಂಠಿ, ಓಮ, ಬೆಳ್ಳುಳ್ಳಿ, ಹರಳೆಣ್ಣೆ, ಇವೆಲ್ಲದರ ಮೇಲೆ ಎರೆಯುವ ನೀರಿಗೆ ತಾಮ್ರದ ಹಂಡೆ. ಹಂಡೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ವಿಮಾನದಲ್ಲಿ ಕೂರುವುದಕ್ಕಾಗುತ್ತದೆಯೇ? ಎಸ್‌ಯುವಿಯಲ್ಲೇ ಹೋಗುವುದು ಎಂದು ತೀರ್ಮಾನವಾಯಿತು. ಬೆಟ್ಟದ ದಾರಿಯಲ್ಲಿ ಚಳಿಗಾಲಕ್ಕೆ ಟೈರು ಸರಿ ಇಲ್ಲದಿದ್ದರೆ ಪೊಲೀಸರೇ ತಡೆಯುತ್ತಾರಂತೆ. ಸರಿ, ಟೈರು ತಗೊಳ್ಳಿ ಅಂದೆ.

ತಗೊಳ್ಳಿ ಅಂದರೆ ತಗೊಂಡುಬಿಡುವ ಜನವೇ ನಮ್ಮವರು? ಅವರು ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ಟನ್ನೂ ನಾಲ್ಕು ಜನರನ್ನು ಕೇಳದೆ ಕೊಂಡವರಲ್ಲ. ನಮ್ಮ ಕಾರಿನ ಚಕ್ರಗಳು ಅಗಲವಾಗಿ, ಥಳಥಳ ಹೊಳೆಯುವಂಥವು. ಹಿಮಕ್ಕೆ ಅವು ನಡೆಯುವುದಿಲ್ಲವಂತೆ. ಸಣ್ಣ ಚಕ್ರ, ಕಿರಿದಾದ ಟೈರು ಬೇಕಂತೆ. ಚಕ್ರದ ಅಳತೆ ಗೊತ್ತಾಗದೆ ಟೈರು ಆರಿಸುವಂತಿಲ್ಲ, ಟೈರು ಯಾವ ಅಳತೆಯಲ್ಲಿ ಸಿಗುತ್ತದೆಂದು ತಿಳಿಯದೆ ಚಕ್ರ ಕೊಳ್ಳುವಂತಿಲ್ಲ. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು. ಒಂದು ತಿಂಗಳು ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲ.

ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ ನಮ್ಮವರ ಹಳೆಯ ಸಹೋದ್ಯೋಗಿಯೊಬ್ಬರು ಇದ್ದಾರೆ, ಮೈಸೂರಿನವರು. ಅವರು ಟೈರುಗಳ ಒಂದು ಎಕ್ಸೆಲ್ ಪಟ್ಟಿ ಕಳಿಸಿದರು, ಜೊತೆಗೆ ಹತ್ತಿರದಲ್ಲೇ ಯಾರೋ ಮಾರುತ್ತಿದ್ದ ಹಳೆಯ ಚಕ್ರಗಳ ಫೋಟೋ. ಒಂದು ಶನಿವಾರ ಮೂರೂವರೆ ಗಂಟೆ ಡ್ರೈವ್ ಮಾಡಿಕೊಂಡು ಹೋದೆವು. ಇಬ್ಬರು ಇಂಜಿನಿಯರುಗಳು ಬಿಸಿಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಚಕ್ರಗಳನ್ನು ಅಳೆದೂ ಸುರಿದೂ ನೋಡಿದರು. ನಾನು ಬೇಸರಕ್ಕೆ ಬೋಲ್ಟ್ ಹಾಕುವ ತೂತು ಎಣಿಸಿದೆ. ಚಕ್ರದಲ್ಲಿ ಐದು. ನಮ್ಮ ಕಾರಿನಲ್ಲಿ ಆರು.

“ಇದನ್ನ ಫೋಟೋದಲ್ಲೇ ಎಣಿಸಬಹುದಿತ್ತಲ್ಲ ರೀ?” ಎಂದೆ.

“ಬಂದಿದ್ದು ಒಳ್ಳೇದೇ ಆಯ್ತು ಬಿಡು, ಖಚಿತ ಆಯ್ತಲ್ಲ,” ಎಂದರು.

ಆಮೇಲೆ ಹ್ಯೂಸ್ಟನ್ನಿನ ಹಿರಿಯರ ಸರದಿ. ನಮ್ಮವರ ಆಫೀಸು ಅಲ್ಲಿಯ ಎನರ್ಜಿ ಕಾರಿಡಾರ್ ಎಂಬ ಎಣ್ಣೆ ಕಂಪನಿಗಳ ಬಡಾವಣೆಯಲ್ಲಿ. ಪ್ರತಿ ಸೋಮವಾರ ಕಾರಿನಲ್ಲಿ ಹೋಗಿ, ಅಲ್ಲೇ ರೂಮು ಮಾಡಿಕೊಂಡಿದ್ದು, ಗುರುವಾರ ಸಂಜೆ ಬರುತ್ತಾರೆ. ಈ ಹಿರಿಯರು ಅದೇ ಆಫೀಸಿನಿಂದ ನಿವೃತ್ತರಾದವರು, ಧಾರವಾಡದ ಕಡೆಯವರು, ಕೆನಡಾದ ಹಿಮದಲ್ಲಿ ವರ್ಷಗಟ್ಟಲೆ ಎಣ್ಣೆ ಬಾವಿಯ ಕೆಲಸ ಮಾಡಿದವರು. ಹಿಮ ಎಂದರೇನೆಂದು ನಿಜವಾಗಿ ಗೊತ್ತಿದ್ದವರು ಅವರೊಬ್ಬರೇ. ಅವರು ಫೋನಿನಲ್ಲಿ ನನಗೇ ಹೇಳಿದರು:

“ನೋಡ್ ತಂಗಿ, ಈ ಚಳಿ ಟೈರ್ ಅಂದ್ರ ಬೆಣ್ಣಿ ಇದ್ದಂಗ. ಥಂಡ್ಯಾಗ ಇದ್ರ ಛಲೋ. ನಿಮ್ಮ ಬಿಸಿಲಾಗ ಓಡ್ಸಿದ್ರ ಕರಗಿ ಹೋಗ್ತದ. ಹೊಂಡೂ ಹಿಂದಿನ ದಿನಾ ಹಾಕಸ್ರಿ, ಅಲ್ಲೀ ತನಕಾ ಗ್ಯಾರೇಜಿನ್ಯಾಗ ಬಿದ್ದಿರ್ಲಿ.”

ಹೂಂ ಎಂದೆ. ಅಷ್ಟು ಸ್ಪಷ್ಟವಾಗಿ ಹೇಳಿದ್ದರು. ನಾವು ವಿಚಾರಿಸಿದ್ದ ಟೈರು ಅಂಗಡಿಯವನೂ ಅದನ್ನೇ ಹೇಳಿದ್ದ.

ಕೊನೆಗೆ ಯಾವ ಟೈರು ಎಂಬುದು ತೀರ್ಮಾನವಾಯಿತು. ಚಕ್ರಕ್ಕೆ ನಾನು ತಕರಾರು ತೆಗೆದೆ, ಅದನ್ನೂ ಹೇಳಿಬಿಡುತ್ತೇನೆ. ನಮ್ಮವರು ಅಗ್ಗದ ಕಪ್ಪು ಉಕ್ಕಿನ ಚಕ್ರ ಆರಿಸಿದ್ದರು. ಬಾಣಂತಿಯ ಮನೆ ಬಾಗಿಲಿಗೆ ಕರೀ ಚಕ್ರದ ಗಾಡಿ ತಂದು ನಿಲ್ಲಿಸುತ್ತಾರೆಯೇ? ಬೆಳ್ಳಿ ಬಣ್ಣದ್ದೇ ಬೇಕು ಎಂದೆ. ಅದು ಬರುವ ಹೊತ್ತಿಗೆ ನವರಾತ್ರಿ ಕಾಲಿಟ್ಟಿತ್ತು.

ನವರಾತ್ರಿಯಲ್ಲಿ ಹೊಸ ಚಕ್ರ ಮನೆಗೆ ಬಂದಿದೆ, ಆಯುಧಪೂಜೆ ಎದುರಿಗಿದೆ. ಯಾರಿಗೆ ತಾನೇ ಸುಮ್ಮನಿರಲು ಮನಸ್ಸಾಗುತ್ತದೆ? ನಮ್ಮವರು, “ಗ್ಯಾರೇಜಲ್ಲೇ ಇಟ್ಟು ಪೂಜೆ ಮಾಡು, ಹಾಕಿಸೋದು ಬೇಡ, ಹ್ಯೂಸ್ಟನ್ ಅಂಕಲ್ ಹೇಳಿದಾರಲ್ಲ,” ಎಂದರು. ನನಗೆ ರೇಗಿತು. ಗೋಡೆಗೆ ಒರಗಿಸಿದ ಚಕ್ರ ನಿಂಬೆಹಣ್ಣಿನ ಮೇಲೆ ಹತ್ತುವುದು ಹೇಗೆ? ಬಸುರಿ ಮಗಳಿಗಾಗಿ ತಂದ ಚಕ್ರ. ಆ ಘಟ್ಟದ ದಾರಿಯಲ್ಲಿ ಹೊರಟಿರುವುದು. ಪೂಜೆಯಲ್ಲಿ ಅರೆಬರೆ ಮಾಡುವ ಧೈರ್ಯ ನನಗಿರಲಿಲ್ಲ. ಹಾಕಿಸಿಯೇ ತನ್ನಿ ಎಂದೆ. ತಂದರು. ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿ, ಕುಂಬಳಕಾಯಿ ಒಡೆದೆ. ನಾಲ್ಕು ಚಕ್ರಕ್ಕೂ ನಾಲ್ಕು ನಿಂಬೆಹಣ್ಣು ಪಚಪಚನೆ ಅಪ್ಪಚ್ಚಿಯಾದವು. ಅವತ್ತು ಎಂಥ ಬಿಸಿಲೆಂದರೆ ಆರತಿಯ ಕರ್ಪೂರ ಹಚ್ಚುವ ಮೊದಲೇ ಬೆವರು ಕಣ್ಣಿಗೆ ಇಳಿಯುತ್ತಿತ್ತು.

“ಶನಿವಾರ ಹೋಗಿ ಬಿಚ್ಚಿಸಿಬಿಡ್ತೀನಿ,” ಎಂದರು ಅವರು.

“ಪೂಜೆ ಮಾಡಿದ ಚಕ್ರಾನ, ಊರು ಮುಟ್ಟೋ ಮುಂಚೆ ಬಿಚ್ಚಿಸ್ತಾರಾ? ಅಪಶಕುನ. ಇನ್ನೇನು ಚಳಿ ಬಂತಲ್ಲ, ಇರಲಿ.”

ಮೂವತ್ತು ವರ್ಷದ ಸಂಸಾರದಲ್ಲಿ ನನ್ನ ಮಾತನ್ನು ಒಂದೇ ಸಲಕ್ಕೆ ಕೇಳಿದ್ದೇ ಇಲ್ಲ ಈ ಮನುಷ್ಯ. ಆ ಒಂದು ಮಾತನ್ನು ಮಾತ್ರ ಕೇಳಿದರು.

ಚಳಿ ಬರಲಿಲ್ಲ. ಅಕ್ಟೋಬರಿನಲ್ಲಿ ಬಿಸಿಲು, ನವೆಂಬರಿನಲ್ಲಿ ಬಿಸಿಲು. ಹೈವೇ ಕಾಂಕ್ರೀಟಿನ ಮೇಲೆ ಆ ಮೆತ್ತನೆಯ ಟೈರುಗಳು ಗುಂಯ್ ಎಂದು ಸದ್ದು ಮಾಡಿಕೊಂಡು ವಾರವಾರವೂ ಹ್ಯೂಸ್ಟನ್‌ಗೆ ಹೋಗಿ ಬಂದವು. ದೀಪಾವಳಿಗೆ ಆಸ್ಟಿನ್‌ಗೆ ಹೋದವು. ಯಾರದೋ ಗೃಹಪ್ರವೇಶಕ್ಕೆ ಮತ್ತೆ ಆಸ್ಟಿನ್‌ಗೆ ಹೋದವು. ನಾನು ಪಕ್ಕದ ಸೀಟಿನಲ್ಲಿ ಕೂತು, ಟೈರು ಚೆನ್ನಾಗಿದೆಯಲ್ಲ ಎಂದುಕೊಂಡಿದ್ದೆ.

ಡಿಸೆಂಬರ್ ಮೂರನೆಯ ವಾರ, ಹೊರಡುವ ಮುಂಚೆ ಒಮ್ಮೆ ತೋರಿಸೋಣವೆಂದು ಅಂಗಡಿಗೆ ಹೋದೆವು. ಬಿಳಿ ಗಡ್ಡದ ಆ ಅಂಗಡಿಯವನು ಟೈರಿನ ಗೀರಿನೊಳಗೆ ಸಣ್ಣ ಅಳತೆಗೋಲು ಇಟ್ಟು ನೋಡಿದ. ಇನ್ನೊಂದು ಟೈರಿಗೆ ಇಟ್ಟ. ಆಮೇಲೆ ನನ್ನನ್ನು ಹತ್ತಿರ ಕರೆದು ತೋರಿಸಿದ. ಹಿಮದ ಟೈರಿನ ಗೀರುಗಳ ನಡುವೆ ಒಂದು ಪುಟ್ಟ ದಿಂಡು ಇರುತ್ತದೆ. ಟೈರು ಅಲ್ಲಿಯವರೆಗೆ ಸವೆದರೆ ಅದು ಇನ್ನು ಹಿಮಕ್ಕೆ ಆಗದು ಎಂದು ಅರ್ಥ. ನಮ್ಮದು ಅದರ ಮಟ್ಟಕ್ಕೆ ಬಂದಿತ್ತು. ಮುಂದಿನ ಎರಡು ಅದಕ್ಕೂ ಕೆಳಗೆ.

“ಇವನ್ನು ಸೆಕೆಯಲ್ಲಿ ಓಡಿಸಿದ್ದೀರಿ,” ಎಂದ ಇಂಗ್ಲಿಷಿನಲ್ಲಿ. ಪ್ರಶ್ನೆ ಕೇಳುವ ಗೋಜಿಗೂ ಹೋಗಲಿಲ್ಲ. ಈ ಅಳತೆಯ ಹಿಮದ ಟೈರನ್ನು ಇಲ್ಲಿ ಯಾರೂ ಇಟ್ಟಿರುವುದಿಲ್ಲ, ಹೊರಗಿನಿಂದ ತರಿಸಬೇಕು, ಕ್ರಿಸ್‌ಮಸ್ ರಜೆ ಬೇರೆ, ಎರಡು ವಾರ ಆಗಬಹುದು ಎಂದ.

ಪಾರ್ಕಿಂಗ್‌ನಲ್ಲಿ ನಾವಿಬ್ಬರೂ ಜಗಳವಾಡಿದೆವು. ಟೆಕ್ಸಸ್ಸಿಗೆ ಬಂದಮೇಲೆ ಬೀದಿಯಲ್ಲಿ ನಿಂತು ಅಷ್ಟು ಜೋರಾಗಿ ಕನ್ನಡ ಮಾತಾಡಿದ್ದು ಅದೇ ಮೊದಲು.

“ಎಕ್ಸೆಲ್ ನೋಡ್ಕೊಂಡು ಕೂತಿದ್ರಲ್ಲ ಎರಡು ತಿಂಗಳು, ಬಿಸಿಲು ಅನ್ನೋ ಕಾಲಂ ಇರಲಿಲ್ವಾ ಅದರಲ್ಲಿ?”

“ನಿಂಬೆಹಣ್ಣು ತಂದಿಟ್ಟಿದ್ದು ಯಾರೇ? ಬಿಚ್ಚಿಸ್ತೀನಿ ಅಂದೆ. ಅಪಶಕುನ ಅಂದೋಳು ನೀನು!”

ನಿಜವಾದ ಮಾತು ಕೇಳಿದಾಗ ಬರುವಷ್ಟು ಕೋಪ ಸುಳ್ಳು ಕೇಳಿದಾಗ ಬರುವುದಿಲ್ಲ. ನಾನು ಕಾರಿನ ಬಾಗಿಲನ್ನು ಧಡಾರನೆ ಹಾಕಿಕೊಂಡೆ.

ಅವತ್ತು ಸಂಜೆ ಮಗಳು ಫೋನ್ ಮಾಡಿದಳು. “ಅಮ್ಮಾ, ಪ್ಲೀಸ್, ಜಸ್ಟ್ ಗೆಟ್ ಆನ್ ಎ ಪ್ಲೇನ್.” ಎರಡು ವಾರದಲ್ಲಿ ಟೈರು ಬರುತ್ತದೆ ಕಣೇ, ನಿನಗೆ ಇನ್ನೂ ನಾಲ್ಕು ವಾರ ಇದೆ, ಸಾಮಾನೆಲ್ಲ ಕಟ್ಟಿಟ್ಟಿದ್ದೇನೆ ಎಂದೆ. ಅವಳು ಓಕೆ ಅಂದಳು. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ಹೊಸ ವರ್ಷದ ಮರುದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಅಳಿಯನ ಫೋನು ಬಂತು. ಹೆಣ್ಣು ಮಗು, ಇಬ್ಬರೂ ಆರಾಮು. ಬೆಳಗಿನ ಜಾವ ಅವನು ಡ್ಯೂಟಿಯಲ್ಲಿದ್ದಾಗ ನೋವು ಬಂದಿದೆ. ಘಟ್ಟದಾಚೆಯಿಂದ ಅವನು ಬರುವುದು ತಡವಾಗುತ್ತದೆಂದು ಪಕ್ಕದ ಮನೆಯ ಮುದುಕಿಯೇ ತನ್ನ ಹಳೇ ಕಾರಿನಲ್ಲಿ ಘಟ್ಟದ ಈಚೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾಳೆ. ಹಿಮ ಬೀಳುತ್ತಿತ್ತಂತೆ.

ನಮ್ಮ ಹೊಸ ಟೈರುಗಳು ಮಾರನೆಯ ದಿನ ಬಂದವು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಅಂಗಡಿಯವನು ಫೋನ್ ಮಾಡಿದಾಗ ನಾವು ಏರ್‌ಪೋರ್ಟಿನಲ್ಲಿದ್ದೆವು. ಹಂಡೆ ಮನೆಯಲ್ಲೇ ಉಳಿಯಿತು. ಅಂಟಿನುಂಡೆ ಡಬ್ಬಿ ಮಾತ್ರ ನನ್ನ ಕೈಚೀಲದಲ್ಲಿತ್ತು. ಕೊಲರಾಡೊದ ಡೆನ್ವರ್ ಮುಟ್ಟಲು ವಿಮಾನಕ್ಕೆ ಎರಡು ಗಂಟೆ ಹಿಡಿಯಿತು. ಆ ಎರಡು ಗಂಟೆಯೂ ನನಗೆ ನನ್ನ ಮೇಲೇ ಅಸಹ್ಯವಾಗುತ್ತಿತ್ತು.

ಮಗಳ ಮನೆಗೆ ಬಂದ ಎರಡನೆಯ ದಿನ ಪಕ್ಕದ ಮನೆಯ ಮುದುಕಿ ಸೂಪು ತೆಗೆದುಕೊಂಡು ಬಂದಳು. ನಮ್ಮವರು ಅವಳಿಗೆ ಕೈ ಮುಗಿದು, ಆಮೇಲೆ ಜಾಕೆಟ್ ಹಾಕಿಕೊಂಡು ಅವಳ ಕಾರಿನ ಟೈರು ನೋಡುವುದಕ್ಕೆಂದು ಹೊರಗೆ ಹೋದರು. ಬಯ್ಯುವ ಶಕ್ತಿಯೂ ನನಗಿರಲಿಲ್ಲ. ನಾನು ಅವಳ ಎರಡೂ ಕೈ ಹಿಡಿದುಕೊಂಡು ಥ್ಯಾಂಕ್ಸ್ ಹೇಳಿದೆ.

“ನಾನು ನಿನಗೆ ಸಾರಿ ಹೇಳಬೇಕು,” ಎಂದಳು ಅವಳು. “ದಾರಿಯುದ್ದಕ್ಕೂ ನಿನ್ನ ಮಗಳು ನಿನ್ನನ್ನೇ ಕರೆಯುತ್ತಿದ್ದಳು. ಏನು ಮಾಡಲಿ, ‘ನಿನ್ನ ಅಮ್ಮ ಹೊರಟಾಗಿದೆ, ಇನ್ನೇನು ಬಂದುಬಿಡುತ್ತಾಳೆ’ ಎಂದು ಅವಳಿಗೆ ಸುಳ್ಳು ಹೇಳಿದೆ. ಆಮೇಲೆ ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಗೆ ಹೋಗುವವರೆಗೂ ಬಾಗಿಲ ಕಡೆಗೇ ನೋಡುತ್ತಿದ್ದಳು.”

ಆ ಹೊತ್ತಿನಲ್ಲಿ ನಾನು ಪ್ರಾಸ್ಪರ್‌ನ ಅಡುಗೆಮನೆಯಲ್ಲಿ ನಿಂತು, ಟೈರು ಎಲ್ಲಿಯವರೆಗೆ ಬಂದಿದೆ ಎಂದು ಫೋನಿನಲ್ಲಿ ನೋಡುತ್ತಿದ್ದೆ.