ಅಮೆರಿಕಕ್ಕೆ ಓಡಿದವರೂ ನಮ್ಮ ಮಂದಿರದ ನಳ್ಳಿಯೂ

ನನ್ನ ಮಗಳ ಚರಿತ್ರೆ ಪುಸ್ತಕದಲ್ಲಿ ಅಮೆರಿಕಕ್ಕೆ ಹೋದ ಆ ಇಂಗ್ಲಿಷರು ಎಲ್ಲರ ದೇವರಿಗೂ ಜಾಗ ಬೇಕೆಂದು ಹೋದದ್ದಲ್ಲ. ತಮ್ಮ ದೇವರ ಹೆಸರಿನಲ್ಲಿ ತಾವೇ ಊರು ಆಳಬೇಕೆಂದು ಹೋದದ್ದು. ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಇದು ಒಮ್ಮೆ ಕೇಳಿದಾಗಲೇ ತಿಳಿಯಿತು, ಯಾಕೆಂದರೆ ನಮ್ಮ ಓಣಿಯಲ್ಲೂ ಅದೇ ನಡೆಯುತ್ತಿತ್ತು.

ಎಪ್ಪತ್ತರ ದಶಕದ ಕೊನೆ. ಬೇಸಿಗೆಯಲ್ಲಿ ನಮ್ಮ ಬಾವಿಗಳಿಗೆ ಉಪ್ಪುನೀರು ನುಗ್ಗುತ್ತಿತ್ತು. ಮುನ್ಸಿಪಾಲಿಟಿಯವರು ಓಣಿಗೆಲ್ಲ ಸೇರಿ ಒಂದು ನಳ್ಳಿ ಕೊಟ್ಟರು. ವಾರ್ಡಿನ ಕೌನ್ಸಿಲರು ನನ್ನ ಗಂಡನ ದೊಡ್ಡಪ್ಪನ ಮಗ, ನನಗೆ ಭಾವ. ಭಜನಾ ಮಂದಿರಕ್ಕೂ ಅವರೇ ಅಧ್ಯಕ್ಷರು. ನಳ್ಳಿಯನ್ನು ಮಂದಿರದ ಬೇಲಿಯೊಳಗೆ ಹಾಕಿಸಿ, ಶನಿವಾರದ ಭಜನೆಗೆ ಸರದಿ ಇರುವ ಮನೆಗಳಿಗೆ ಮಾತ್ರ ನೀರು ಎಂದರು. ಪಕ್ಕದ ಮನೆಯ ಬ್ಯಾರಿ ಹೆಂಗಸು ಮುಸ್ಲಿಮಳು, ಅವಳಿಗೆ ಭಜನೆಯ ಸರದಿ ಎಲ್ಲಿಂದ ಬರಬೇಕು? ಅವಳ ಸೊಸೆ ಬಾಣಂತಿ. ಉಪ್ಪುನೀರಿನಲ್ಲೇ ಗಂಜಿ ಬೇಯಿಸುತ್ತಿದ್ದರು.

ಒಂದು ಸಂಜೆ ಮಗಳು ಪರೀಕ್ಷೆಗೆಂದು ಜಗಲಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದಳು. ಇಂಗ್ಲೆಂಡಿನ ರಾಜನ ಚರ್ಚಿನ ಪದ್ಧತಿ ಒಪ್ಪದವರು ಹಡಗು ಹತ್ತಿ ಅಮೆರಿಕದ ಮಸಾಚುಸೆಟ್ಸಿಗೆ ಹೋದರಂತೆ. ಅಲ್ಲಿ ಚರ್ಚಿಗೆ ಸೇರಿದ ಗಂಡಸರಿಗೆ ಮಾತ್ರ ಓಟು.

"ಉಳಿದವರು?" ಎಂದೆ.

"ತೆರಿಗೆ ಕೊಡ್ಬೇಕು, ಬಾಯಿ ಮುಚ್ಚಿ ಕೂತ್ಕೊಳ್ಬೇಕು. ದೇವರ ವಿಷಯದಲ್ಲಿ ಸರ್ಕಾರಕ್ಕೆ ಎಂತ ಕೆಲಸ ಅಂತ ಒಬ್ಬ ಕೇಳಿದ. ಅವನನ್ನು ಓಡಿಸಿದ್ರು."

"ಓಡಿ ಬಂದವರೇ ಓಡಿಸಿದ್ದಾ?"

"ಹೌದಮ್ಮ. ಮನೆಯಲ್ಲಿ ಹೆಂಗಸರನ್ನು ಕೂರಿಸಿ ದೇವರ ಬಗ್ಗೆ ಮಾತಾಡಿದ ಒಬ್ಬಳನ್ನೂ."

ಗೋಡೆಯಾಚೆ ನಿಂತು ಕೇಳುತ್ತಿದ್ದ ಬ್ಯಾರಿ ಹೆಂಗಸು ನಕ್ಕಳು. "ಅಕ್ಕ, ಅಲ್ಲಿಯೂ ನಿಮ್ಮ ಭಾವ ಇದ್ದಾರಲ್ಲ!"

ಅಷ್ಟರಲ್ಲಿ ಭಾವನೇ ಮಂದಿರಕ್ಕೆ ಹೊರಟು ನಮ್ಮ ಗೇಟಿನ ಮುಂದೆ ಬಂದರು. ನಾನು ಕೇಳಿಯೇಬಿಟ್ಟೆ. "ಭಾವ, ಆ ನಳ್ಳಿ ಮುನ್ಸಿಪಾಲಿಟಿಯದ್ದಾ, ದೇವರದ್ದಾ?"

"ಎಂತ ಮಾರಾಯ್ತಿ, ಎರಡನ್ನೂ ನೋಡಿಕೊಳ್ಳುವುದು ನಾನೇ ಅಲ್ವಾ?"

"ಹಾಗಾದ್ರೆ ಇವಳಿಗೂ ನೀರು ಬಿಡಿ. ಓಟು ಕೇಳ್ಲಿಕ್ಕೆ ಇವಳ ಮನೆಗೂ ಹೋಗಿದ್ದೀರಲ್ಲ."

"ಜಾಸ್ತಿ ಮಾತಾಡಿದ್ರೆ ನಿನ್ನ ಮನೆಯ ಸರದಿಯೂ ತೆಗೀತೇನೆ. ಮತ್ತೆ ನೀನೂ ಉಪ್ಪುನೀರು ಕುಡಿ."

ಸುಮ್ಮನಿರು ಎಂದು ಗಂಡ ಒಳಗಿಂದ ಹೇಳಿದರು. ಸುಮ್ಮನಿದ್ದೆ, ಬೆಳಗಾಗುವ ತನಕ.

ಮರುದಿನ ನೀರು ಬಿಡುವ ಹೊತ್ತಿಗೆ ಸೊಪ್ಪು ಕಡಿಯುವ ಕತ್ತಿ ಹಿಡಿದುಕೊಂಡು ಹೋದೆ. ರಸ್ತೆ ಬದಿಯ ಬೇಲಿಯನ್ನು, ಸೊಂಟದಲ್ಲಿ ಕೊಡ ಇಟ್ಟುಕೊಂಡವರು ನೆಟ್ಟಗೆ ದಾಟುವಷ್ಟು ಅಗಲಕ್ಕೆ, ಕಡಿದು ಹಾಕಿದೆ. ಸಾಲಿನಲ್ಲಿದ್ದ ಹೆಂಗಸರು ನೋಡುತ್ತಲೇ ನಿಂತರು. ಪಕ್ಕದ ಮನೆಯವಳನ್ನು ಕೂಗಿ ಕರೆದು, ಅವಳ ಕೊಡವನ್ನು ನಳ್ಳಿಯ ಕೆಳಗಿಟ್ಟೆ. ಅದು ತುಂಬುವ ತನಕ ಕತ್ತಿ ಕೈಯಿಂದ ಬಿಡಲಿಲ್ಲ.